‘ಹಸ ಯಾರ್ ಕರೀತಾರೆ?’: ಕನಸಿನ ಊರಿಗೆ ನಿಜವಾಗಿ ಹೊರಡಬೇಕೆನ್ನುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮಂಡ್ಯ ಸೀಮೆಯಲ್ಲಿ ಯಾರ ಮನೆ ಜಗಲಿ ಮೇಲೆ ಕೂತು ಕೇಳಿದರೂ ಒಂದು ದೂರದ ಊರಿನ ಹೆಸರು ಹೊರಬರುತ್ತದೆ. ಪಾಂಡವಪುರದ ನಮ್ಮ ಸೋದರಮಾವನಿಗೆ ಕಾಶಿ. ಅವರ ಮಗನಿಗೆ ಬುಲೆಟ್ ಗಾಡಿಯಲ್ಲಿ ಲಡಾಖ್. ನನ್ನ ಹೆಂಡತಿಗೆ ಲಕ್ಷದ್ವೀಪದ ನೀಲಿ ನೀರು. ನಮ್ಮವ್ವನಿಗೆ ಕೇದಾರನಾಥ. ಹೆಸರು ಹೇಳಿದ ಮರುಗಳಿಗೆಯಲ್ಲೇ ಹೇಳಿದವರೇ ಅದನ್ನು ವಾಪಸ್ ಒಳಗಿಟ್ಟುಕೊಳ್ಳುತ್ತಾರೆ. ಅವ್ವನೂ ಹಾಗೇ. "ಬುಡ್ಲಾ ಮಗ, ಆಗೋ ಮಾತಾಡು. ನಾವೆಲ್ಲಾ ಹೊಂಟ್ರೆ ಹಸ ಯಾರ್ ಕರೀತಾರೆ?"

ಈ ಪ್ರಶ್ನೆಗೆ ಉತ್ತರ ಕೊಡುವ ಪ್ರವಾಸದ ಬರಹ ನನಗೆಲ್ಲೂ ಸಿಗಲಿಲ್ಲ. ಅವೆಲ್ಲ ರಜೆ ಚೀಟಿ ಬರೆದುಕೊಟ್ಟು ಹೊರಡುವವರಿಗೆ ಬರೆದವು. ಎರಡು ಹಸು, ಒಂದೂವರೆ ಎಕರೆ ಗದ್ದೆ, ನಾಲೆ ನೀರಿನ ಸರದಿ ಇರುವ ಮನೆಯಲ್ಲಿ ರಜೆ ಕೊಡುವವರು ಯಾರೂ ಇಲ್ಲ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ ನಾಲ್ಕೂ ಜನ ಕೇದಾರಕ್ಕೆ ಹೊರಟು ಒಂದು ಸಲ ಸೋತು ಬಂದೆವು, ಎರಡನೇ ಸಲ ಹೋಗಿ ಬಂದೆವು. ಆ ಎರಡು ಸಲದಲ್ಲಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಉದಾಹರಣೆ ಕೇದಾರದ್ದು, ಕ್ರಮ ಯಾವ ಊರಿಗಾದರೂ ಹೊಂದುತ್ತದೆ.

1. ಮೊದಲು ಯಾರ ಊರು?

ಮನೆಯವರೆಲ್ಲ ಊಟಕ್ಕೆ ಕೂತಾಗ ಒಬ್ಬೊಬ್ಬರನ್ನೂ ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮಕ್ಕಳನ್ನು ಬಿಡಬೇಡಿ. ಬರೆದಾದ ಮೇಲೆ ಸರದಿ ಇಡುವಾಗ ಆಸೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊಣಕಾಲು ಎಷ್ಟು ಹಳೆಯದು ಅನ್ನುವುದನ್ನು ನೋಡಿ. ಮೂವತ್ತರ ಹುಡುಗನ ಲಡಾಖ್ ಇನ್ನು ಹತ್ತು ವರ್ಷ ಕಾಯುತ್ತದೆ. ಅರವತ್ತೆರಡರ ಅವ್ವನ ಕೇದಾರ ಕಾಯುವುದಿಲ್ಲ. ನನ್ನ ಹೆಂಡತಿಯೇ ಇದನ್ನು ಮೊದಲು ಹೇಳಿದವಳು: "ನನ್ನ ಸಮುದ್ರ ಎಲ್ಲೂ ಹೋಗಲ್ಲ, ಅತ್ತೆದು ಮೊದಲು."

ಪ್ರತಿ ಊರಿನ ಮುಂದೆ ಅಲ್ಲಿಗೆ ಹೋಗಲು ಏನು ಬೇಕು ಅಂತಲೂ ಬರೆಯಿರಿ.

ಕಾಶಿಗೆ ದೇಹ ಹೆಚ್ಚು ಗಟ್ಟಿ ಇರಬೇಕಿಲ್ಲ. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ, ವಾರಕ್ಕೆ ಎರಡು ದಿನ ಹೊರಡುತ್ತದೆ. ಮೈಸೂರು ಸಂಸ್ಥಾನದವರು ಅಲ್ಲಿ ಗಂಗೆಯ ದಡದಲ್ಲಿ ಕಟ್ಟಿಸಿದ ಘಟ್ಟವೂ ಇದೆ, ಈಗ ಅದನ್ನು ಕರ್ನಾಟಕ ಘಾಟ್ ಅನ್ನುತ್ತಾರೆ. ಮುಜರಾಯಿ ಇಲಾಖೆ ಕಾಶಿಗೆ ಹೋಗಿ ಬಂದವರಿಗೆ 5,000 ರೂಪಾಯಿ ಸಹಾಯಧನದ ಯೋಜನೆಯನ್ನು 2022ರಲ್ಲಿ ಶುರು ಮಾಡಿತು, ಅರ್ಜಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ. ಹೊರಡುವ ಮೊದಲೇ ಆ ವರ್ಷದ ನಿಯಮ ಓದಿಕೊಂಡು ಯಾವ ರಸೀದಿ, ಯಾವ ಫೋಟೋ ಬೇಕೋ ಅದನ್ನು ಜೋಪಾನ ಮಾಡಿ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಬೇಕು. ಅದನ್ನೂ ದಿನದ ಲೆಕ್ಕಕ್ಕೆ ಸೇರಿಸಿ. ಲಕ್ಷದ್ವೀಪಕ್ಕೆ ನಮ್ಮ ದೇಶದವರೇ ಆದರೂ ಪ್ರವೇಶ ಪರವಾನಗಿ ಬೇಕು, ಹಡಗು ಹೊರಡುವುದು ಕೊಚ್ಚಿಯಿಂದ. ಅರುಣಾಚಲದ ತವಾಂಗ್‌ಗೂ ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ಬಿಡುವುದಿಲ್ಲ.

ಕೈಲಾಸ ಮಾನಸ ಸರೋವರ ಇವೆಲ್ಲಕ್ಕಿಂತ ಕಠಿಣ. 2020ರಿಂದ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ವಿದೇಶಾಂಗ ಸಚಿವಾಲಯಕ್ಕೆ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಹೆಸರು ಬರಬೇಕು. ವಯಸ್ಸು 18ರಿಂದ 70ರೊಳಗೆ, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 25ರೊಳಗೆ, ಕೈಯಲ್ಲಿ ಪಾಸ್‌ಪೋರ್ಟ್. ಅಂದರೆ ಇದರ ತಯಾರಿ ತೂಕ ಇಳಿಸುವುದರಿಂದಲೇ ಶುರು.

ವಿದೇಶದ ಊರು ಬರೆದವರು ಇವತ್ತೇ ಪಾಸ್‌ಪೋರ್ಟ್ ಮಾಡಿಸಿ. ಹತ್ತು ವರ್ಷ ಬಾಳುತ್ತದೆ, ಹೋಗುವುದು ನಿಧಾನವಾದರೂ ನಷ್ಟವಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಏರ್ಪಾಡು ದೇಶದಲ್ಲಿ ಮೊದಲು ಶುರುವಾದ ಜಾಗಗಳಲ್ಲಿ ನಮ್ಮ ಮೈಸೂರು ಒಂದು, 2017ರ ಜನವರಿಯಲ್ಲಿ. ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಒಂದರಲ್ಲಿ 'ಗೌಡ' ಇದ್ದು ಇನ್ನೊಂದರಲ್ಲಿ ಇಲ್ಲದೆ ಓಡಾಡುವವರೇ ಜಾಸ್ತಿ.

2. ತಿಂಗಳು ಗೊತ್ತು ಮಾಡುವುದು

ಇಲ್ಲಿ ಎರಡು ಕಾಲ ಒಂದಕ್ಕೊಂದು ಕೂಡಬೇಕು: ಆ ಊರಿನ ಕಾಲ, ನಮ್ಮ ಗದ್ದೆಯ ಕಾಲ.

ಕೇದಾರದ ಬಾಗಿಲು ಬೇಸಿಗೆಯಲ್ಲಿ ತೆರೆಯುತ್ತದೆ. ಯಾವ ದಿನ ಅನ್ನುವುದನ್ನು ಮಹಾಶಿವರಾತ್ರಿಯಂದು ಉಖಿಮಠದಲ್ಲಿ ಹೇಳುತ್ತಾರೆ. ಮುಚ್ಚುವುದು ನಮ್ಮ ಬಲಿಪಾಡ್ಯಮಿಯ ಮಾರನೇ ದಿನ. ಮೇ, ಜೂನ್‌ನಲ್ಲಿ ಜನಜಾತ್ರೆ. ಜುಲೈ, ಆಗಸ್ಟ್‌ನಲ್ಲಿ ಮಳೆ, ಗುಡ್ಡ ಕುಸಿತ. 2013ರ ಜೂನ್ 16, 17ರ ಪ್ರವಾಹದ ನೆನಪಿರುವವರು ಮಳೆಗಾಲದಲ್ಲಿ ಆ ಕಡೆ ಮುಖ ಹಾಕುವುದಿಲ್ಲ.

ಇತ್ತ ನಮ್ಮಲ್ಲಿ ಕನ್ನಂಬಾಡಿ ನೀರು ನಾಲೆಗೆ ಬಿಟ್ಟು, ನಾಟಿ ಆಗಿ, ಕಳೆ ಮುಗಿಯುವ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬಂದಿರುತ್ತದೆ. ಅಲ್ಲಿಂದ ಕಟಾವಿನವರೆಗೆ ಭತ್ತಕ್ಕೆ ನೀರು ಕಟ್ಟುವುದು ಬಿಟ್ಟರೆ ದೊಡ್ಡ ಕೆಲಸವಿಲ್ಲ. ನಾನು ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ ವಿಜಯದಶಮಿಯಿಂದ ದೀಪಾವಳಿಯವರೆಗಿನ ದಿನಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದೆ. ಜಂಬೂಸವಾರಿ ನೋಡಿಕೊಂಡೇ ಹೊರಡಬಹುದು. ಅಲ್ಲಿಯೂ ಮಳೆ ನಿಂತಿರುತ್ತದೆ, ಜನ ಕಡಿಮೆ. ಚಳಿ ಮಾತ್ರ ಕಡಿದು ತಿನ್ನುವಂಥದ್ದು.

ಹೀಗೆ ಎರಡೂ ಕಾಲ ಕೂಡುವ ಮೂರು ವಾರ ಪ್ರತಿ ಊರಿಗೂ ಸಿಗುತ್ತದೆ. ಕಾಶಿಗೆ ಸಂಕ್ರಾಂತಿ ಕಳೆದ ಮೇಲೆ, ಕಣದ ಕೆಲಸ ಮುಗಿಸಿ. ಲಡಾಖ್‌ಗೆ ಜೂನ್, ನಾಲೆ ನೀರು ಬರುವ ಮೊದಲು. ಕಬ್ಬು ಇರುವವರು ಕಟಾವಿನ ತಿಂಗಳನ್ನು ಬಿಟ್ಟೇಬಿಡಿ. ರೇಷ್ಮೆ ಇರುವವರು ಎರಡು ಬೆಳೆಯ ನಡುವೆ ಒಂದು ಚಾಕಿ, ಅಂದರೆ ಮರಿಹುಳು ತರುವುದನ್ನು, ಹಿಂದಕ್ಕೆ ಹಾಕಿದರೆ ಹದಿನೈದು ದಿನ ಸಿಗುತ್ತದೆ.

3. ಹಸು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಸಲ ನಾನು ಮಾಡಿದ ತಪ್ಪು: ಹೊರಡುವ ಹಿಂದಿನ ಸಂಜೆ ಒಬ್ಬ ಆಳಿಗೆ ಹಸು ತೋರಿಸಿ, ದುಡ್ಡು ಕೊಟ್ಟು ಹೊರಟದ್ದು. ಹೊಸ ಕೈಗೆ ಹಸು ಸೊರೆ ಬಿಡಲಿಲ್ಲ. ಹಾಲು ಕೆಚ್ಚಲಲ್ಲೇ ಉಳಿಯಿತು. ನಾವು ವಾಪಸ್ ಬಂದಾಗ ಒಂದು ಮೊಲೆಗೆ ಕೆಚ್ಚಲು ಬಾವು, ಮುಟ್ಟಿದರೆ ಒದೆಯುತ್ತಿತ್ತು. ಅವ್ವ ಚೀಲ ಇಳಿಸುವ ಮೊದಲೇ ಕೊಟ್ಟಿಗೆಗೆ ಹೋಗಿ ಅದರ ಕತ್ತು ನೇವರಿಸುತ್ತಾ ಕೂತಳು.

ಎರಡನೇ ಸಲ ಹೀಗೆ ಮಾಡಿದೆವು. ಪಕ್ಕದ ಮನೆ ಚಿಕ್ಕವ್ವ ಹೊರಡುವ ಹದಿನೈದು ದಿನ ಮೊದಲಿಂದಲೇ ಬಂದು ಕರೆಯತೊಡಗಿದಳು. ಮೊದಲ ಮೂರು ದಿನ ಅವ್ವ ಪಕ್ಕದಲ್ಲಿ ನಿಂತಳು, ಆಮೇಲೆ ಬಾಗಿಲಲ್ಲಿ, ಕೊನೆಗೆ ಅಡುಗೆಮನೆಯಲ್ಲೇ ಉಳಿದಳು. ಕರೆಯುವ ಹೊತ್ತು ಬದಲಾಗಲಿಲ್ಲ, ತಿಂಡಿಯ ಬಕೆಟ್ ಬದಲಾಗಲಿಲ್ಲ. ಅವ್ವ ಕರೆಯುವಾಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹಳೇ ಟವೆಲನ್ನು ಚಿಕ್ಕವ್ವನಿಗೇ ಕೊಟ್ಟಳು. ವಾರ ಕಳೆಯುವುದರೊಳಗೆ ಹಸು ಅವಳ ಕೈಗೂ ಸೊರೆ ಬಿಟ್ಟಿತು.

ಇನ್ನೊಂದು ಉಪಾಯ ಮುಂಚೆಯೇ ಲೆಕ್ಕ ಹಾಕುವವರಿಗೆ. ಹಸು ಗಬ್ಬ ಕಟ್ಟಿದ ಮೇಲೆ ಸುಮಾರು 280 ದಿನಕ್ಕೆ ಕರು ಹಾಕುತ್ತದೆ, ಅದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು. ಫೆಬ್ರವರಿ ಕೊನೇ ವಾರದಲ್ಲಿ ಗಬ್ಬ ಕಟ್ಟಿದ್ದು ಡಿಸೆಂಬರ್ ಮೊದಲ ವಾರ ಕರು ಹಾಕುತ್ತದೆ. ಅಕ್ಟೋಬರ್ ಹೊತ್ತಿಗೆ ಹಾಲಿರುವುದಿಲ್ಲ. ಬತ್ತಿಸಿದ ಮೊದಲ ತಿಂಗಳು ಹೊರಡಲು ಒಳ್ಳೆಯ ಕಾಲ, ಹುಲ್ಲು ನೀರು ನೋಡಿಕೊಂಡರೆ ಸಾಕು. ಕರು ಹಾಕುವ ತಿಂಗಳಲ್ಲಿ ಮಾತ್ರ ಯಾರಿಗೂ ಒಪ್ಪಿಸಿ ಹೋಗಬೇಡಿ. ನಮ್ಮ ಎರಡರಲ್ಲಿ ಒಂದು ಹಸು ಹೀಗೆ ಬತ್ತಿತ್ತು, ಚಿಕ್ಕವ್ವನಿಗೆ ಅರ್ಧ ಭಾರ ಇಳಿಯಿತು.

ಹಾಲಿನ ಲೆಕ್ಕ ಬಾಯಿಮಾತಲ್ಲಿ ಬಿಡಬೇಡಿ. ಡೈರಿಗೆ ನಮ್ಮ ನಂಬರಿಗೇ ಹಾಕುವುದು, ಬಟವಾಡೆಯಲ್ಲಿ ಅರ್ಧ ಚಿಕ್ಕವ್ವನಿಗೆ ಅಂತ ಕಾರ್ಯದರ್ಶಿಯ ಎದುರಿಗೇ ಮಾತಾಡಿದೆವು. ಪಶುವೈದ್ಯರ ನಂಬರನ್ನು ಇದ್ದಿಲಲ್ಲಿ ಕೊಟ್ಟಿಗೆಯ ಗೋಡೆ ಮೇಲೆ ದೊಡ್ಡದಾಗಿ ಬರೆದೆ. ನಾಲೆ ನೀರು ಬಿಡುವ ನೀರುಗಂಟಿಗೂ, ಪಕ್ಕದ ಗದ್ದೆಯವರಿಗೂ ಹೋಗುವ ಬರುವ ದಿನ ಹೇಳಿ. ಅವರಿಗೆ ಕೊಡುವುದನ್ನು ಹೊರಡುವ ಮೊದಲೇ ಕೊಡಿ.

4. ದುಡ್ಡು

ಬೆಳೆಯ ದುಡ್ಡನ್ನು ನಂಬಿ ಪ್ರಯಾಣದ ತಾರೀಖು ಇಡಬೇಡಿ. ಕಬ್ಬು ಸಾಗಿಸಿದ 14 ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೂ ಅದು ಕೈಗೆ ಬರುವ ದಿನ ನಮ್ಮ ಕೈಯಲ್ಲಿಲ್ಲ. ಬಂದ ದಿನವೇ ಅದಕ್ಕೆ ಹತ್ತು ಬಾಯಿ ಕಾದಿರುತ್ತವೆ. ತಪ್ಪದೆ ಬರುವುದು ಹಾಲಿನ ಬಟವಾಡೆ. ನಾವು ಪ್ರತಿ ಬಟವಾಡೆಯಲ್ಲೂ 1,000 ರೂಪಾಯಿ ಎತ್ತಿಟ್ಟೆವು. ತಿಂಗಳಿಗೆ ಎರಡು ಬಟವಾಡೆ, ಹದಿನೆಂಟು ತಿಂಗಳಿಗೆ 36,000. ಅದರ ಮೇಲೆ ಎಳೆಗರು ಮಾರಿದ್ದು, ನನ್ನ ಹೆಂಡತಿ ಸಂಘದಲ್ಲಿ ಉಳಿಸಿದ್ದು ಸೇರಿತು.

ಈ ದುಡ್ಡಿಗೆ ಬ್ಯಾಂಕಿನಲ್ಲಿ ಒಂದೂವರೆ ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿಸಿ. ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು, ಮೂರು ವರ್ಷ ಆಗದೆ ಮುರಿಸಲು ಆಗುವುದಿಲ್ಲ. ಕೈಲಾಸದಂಥ ದೂರದ ಕನಸಿಗೆ ಅದು ಹೊಂದುತ್ತದೆ. ಚೀಟಿ ದುಡ್ಡನ್ನು ನೆಚ್ಚಿಕೊಂಡು ಟಿಕೆಟ್ ಮಾಡಿಸಬೇಡಿ. ಸಾಲ ಮಾಡಿಯಂತೂ ಹೋಗಬೇಡಿ. ಬಡ್ಡಿ ಕಟ್ಟುವ ತಿಂಗಳಲ್ಲಿ ನೋಡಿದ ದೇವರೂ ಮರೆತುಹೋಗುತ್ತದೆ.

ಖರ್ಚಿನ ಪಟ್ಟಿಯಲ್ಲಿ ರೈಲು, ಗಾಡಿ, ತಂಗುವುದು, ಊಟ, ಮೇಲೆ ಹತ್ತುವ ಖರ್ಚು ಎಲ್ಲ ಬರೆದ ಮೇಲೆ ಒಟ್ಟು ಮೊತ್ತದ ಕಾಲು ಭಾಗವನ್ನು ಬೇರೆ ಕವರಿಗೆ ಹಾಕಿ ಅವ್ವನ ಕೈಗೆ ಕೊಡಿ. ರಸ್ತೆ ಮುಚ್ಚಿದಾಗ, ಹುಷಾರು ತಪ್ಪಿದಾಗ ಅದು ಬೇಕಾಗುತ್ತದೆ. ನಮ್ಮ ಕಡೆ ಯಾತ್ರೆ ಮುಗಿಸಿ ಬಂದ ಮೇಲೆ ಗಂಗೆಪೂಜೆ ಮಾಡಿ ನಾಲ್ಕು ಜನಕ್ಕೆ ಊಟ ಹಾಕುವುದಿದೆಯಲ್ಲ, ಆ ಖರ್ಚನ್ನೂ ಈಗಲೇ ಬರೆಯಿರಿ. ಮರೆತರೆ ಬಂದ ವಾರವೇ ಕೈಸಾಲ.

5. ನೋಂದಣಿ: ನಾವು ಸೋತದ್ದು ಇಲ್ಲೇ

ಮೊದಲ ಸಲ ಒಬ್ಬ ಟೂರ್ ಏಜೆಂಟರಿಗೆ ಪೂರ್ತಿ ದುಡ್ಡು ಕಟ್ಟಿ ಕಣ್ಣು ಮುಚ್ಚಿ ಹೊರಟೆವು. ಕೇದಾರದ ದಾರಿಯ ಸೋನಪ್ರಯಾಗದ ತಪಾಸಣೆಯಲ್ಲಿ ನಮ್ಮ ಕೈಯಲ್ಲಿದ್ದ ಯಾತ್ರಾ ನೋಂದಣಿ ಕಾಗದದ ಕ್ಯೂಆರ್ ಕೋಡ್ ನೋಡಿದ ಪೊಲೀಸರು ತಲೆಯಾಡಿಸಿದರು. ನೋಂದಣಿ ಆಗಿತ್ತು, ಆದರೆ ಐದು ದಿನ ಆಚೆಯ ತಾರೀಖಿಗೆ. ವಾಪಸ್ ರೈಲು ಮೂರನೇ ದಿನಕ್ಕಿತ್ತು. ಏಜೆಂಟರ ಫೋನ್ ಸ್ವಿಚ್ ಆಫ್. ಅವ್ವ ಯಾರಿಗೂ ಒಂದು ಮಾತು ಆಡಲಿಲ್ಲ. ಮಂದಾಕಿನಿ ನದಿ ಹರಿಯುವ ಕಡೆ ತಿರುಗಿ, ಮೇಲಿನ ದಾರಿಯ ಕಡೆಗೊಂದು ಕೈ ಮುಗಿದು, "ನಡಿಯಪ್ಪ" ಅಂದಳು. ಆ ಕೈ ಮುಗಿದದ್ದನ್ನು ನೋಡಿದ ಮೇಲೆ ಕಾಗದದ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಡುವುದಿಲ್ಲ ಅಂತ ನಾನು ತೀರ್ಮಾನ ಮಾಡಿದೆ.

ನೋಂದಣಿಯನ್ನು ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ಜಾಲತಾಣದಲ್ಲಿ ನೀವೇ ಮಾಡಿ. ಮೊಬೈಲ್ ನಂಬರ್, ಆಧಾರ್, ಒಂದು ಫೋಟೋ ಸಾಕು. ಧಾಮದ ಹೆಸರು ಮತ್ತು ದರ್ಶನದ ತಾರೀಖನ್ನು ಇಬ್ಬರು ಓದಿ ನೋಡಿ. ಬಂದ ಕಾಗದವನ್ನು ಪ್ರತಿಯೊಬ್ಬರಿಗೂ ಎರಡೆರಡು ಪ್ರತಿ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಮಳೆಗೆ ನೆನೆದ ಕೋಡ್ ಓದಲು ಬರುವುದಿಲ್ಲ. ಹೆಲಿಕಾಪ್ಟರ್ ಬೇಕಾದವರಿಗೆ ಟಿಕೆಟ್ ಸಿಗುವುದು ರೈಲ್ವೆಯ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟ್ ಕೊಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಲ್ಲದೆ ಮೋಡ ಮುಸುಕಿದರೆ ಹೆಲಿಕಾಪ್ಟರ್ ಏಳುವುದಿಲ್ಲ, ಅದೊಂದನ್ನೇ ನೆಚ್ಚಿ ಹೋಗುವುದು ಬೇಡ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದಾಗಲಿ ಆಮೇಲೆ ಹೋಗೋಣ ಅಂತ ಅರವತ್ತು ದಾಟಿದವರನ್ನು ಕೂರಿಸಬೇಡಿ.

6. ಟಿಕೆಟ್

ರೈಲು ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ 120 ಇತ್ತು. ಅಕ್ಟೋಬರ್ 10ಕ್ಕೆ ಹೊರಡುವುದಾದರೆ ಆಗಸ್ಟ್ 11ರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂರಬೇಕು. ಮೈಸೂರಿನಿಂದ ದೆಹಲಿಯ ನಿಜಾಮುದ್ದೀನ್‌ಗೆ ವಾರಕ್ಕೊಮ್ಮೆ ಸ್ವರ್ಣಜಯಂತಿ ಇದೆ, ಬೆಂಗಳೂರಿನಿಂದ ದಿನಾ ಕರ್ನಾಟಕ ಎಕ್ಸ್‌ಪ್ರೆಸ್. ದೆಹಲಿಯಿಂದ ಹರಿದ್ವಾರಕ್ಕೆ ರೈಲು, ಬಸ್ಸು ಎರಡೂ ಧಾರಾಳ.

ಇದೊಂದನ್ನು ಮರೆಯಬೇಡಿ. ಅರವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ, ಆದರೆ ಒಂದು ಟಿಕೆಟ್ಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಬಾರದು. ನಾಲ್ವರನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ. ಅಪ್ಪ ಅವ್ವನದೊಂದು, ನಮ್ಮಿಬ್ಬರದೊಂದು ಮಾಡಿಸಿದೆ. ಇಬ್ಬರು ಹಿರಿಯರಿಗೂ ಕೆಳಗಿನ ಬರ್ತ್ ಬಂತು.

ವಾಪಸ್ ಟಿಕೆಟ್ಟನ್ನು ನಿಮ್ಮ ಲೆಕ್ಕಕ್ಕಿಂತ ಎರಡು ದಿನ ಮುಂದಕ್ಕೆ ಮಾಡಿಸಿ. ಬೆಟ್ಟದ ರಸ್ತೆ ನಮ್ಮ ಕ್ಯಾಲೆಂಡರ್ ನೋಡುವುದಿಲ್ಲ. ಉಳಿದ ದಿನಗಳನ್ನು ಹರಿದ್ವಾರದ ಗಂಗೆ ದಡದಲ್ಲಿ ಕಳೆಯುವುದಕ್ಕೆ ಯಾರಿಗೂ ಬೇಜಾರಾಗುವುದಿಲ್ಲ.

7. ಕಾಲು

ಕೇದಾರ 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಗದ್ದೆಯಲ್ಲಿ ಇಡೀ ದಿನ ಬಗ್ಗಿ ದುಡಿಯುವ ಅವ್ವನಿಗೆ ನಡಿಗೆ ಏನು ಮಹಾ ಅಂತ ನನಗೂ ಅನ್ನಿಸಿತ್ತು. ಬಯಲಲ್ಲಿ ನಡೆಯುವುದು ಬೇರೆ, ಮೆಟ್ಟಿಲು ಹತ್ತುವುದು ಬೇರೆ.

ಹೊರಡುವ ನಾಲ್ಕು ತಿಂಗಳು ಮೊದಲು ವೈದ್ಯರಿಗೆ ತೋರಿಸಿ. ಬಿಪಿ, ಸಕ್ಕರೆ, ಇಸಿಜಿ ಮೂರನ್ನೂ ನೋಡಿಸಿ. ಹೃದಯದ ತೊಂದರೆ ಇದ್ದವರು ಮೈಸೂರಿನ ಜಯದೇವದಂಥ ಕಡೆ ಹೃದಯದ ವೈದ್ಯರ ಒಪ್ಪಿಗೆ ಪಡೆಯದೆ ಹೊರಡಬಾರದು. ಎತ್ತರಕ್ಕೆ ಮುಂಚಿತವಾಗಿ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನೂ ಅವರೇ ಹೇಳಲಿ.

ಆಮೇಲೆ ಅಭ್ಯಾಸ. ಮೊದಲ ತಿಂಗಳು ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ನಾಲ್ಕು ಕಿಲೋಮೀಟರ್. ಎರಡನೇ ತಿಂಗಳು ಭಾನುವಾರಗಳಲ್ಲಿ ಕರೀಘಟ್ಟ, ಮೇಲುಕೋಟೆಯ ಯೋಗಾನರಸಿಂಹನ ಮೆಟ್ಟಿಲು. ಮೂರನೇ ತಿಂಗಳು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ದೊಡ್ಡ ನಂದಿಯ ಹತ್ತಿರ ನಿಲ್ಲದೆ ಹತ್ತಿ, ಮಾತಾಡುತ್ತಾ ಇಳಿಯುವಷ್ಟು ದಮ್ಮು ಬರಬೇಕು. ಕೊನೇ ತಿಂಗಳು ಅದನ್ನೇ ಬೆನ್ನಿಗೆ ಚೀಲ ಹಾಕಿಕೊಂಡು ಮಾಡಿ.

ಶೂ ಬಗ್ಗೆ ಒಂದು ಮಾತು. ಅವ್ವ ಜೀವಮಾನದಲ್ಲಿ ಶೂ ಹಾಕಿದವಳಲ್ಲ. ಮೇಲುಕೋಟೆಯಲ್ಲಿ ಮೊದಲ ದಿನ ನೂರು ಮೆಟ್ಟಿಲಿಗೇ ಕೂತುಬಿಟ್ಟಳು. ಮೊಣಕಾಲು ಅಂದುಕೊಂಡೆ. ಶೂ ಬಿಚ್ಚಿ ನೋಡಿದರೆ ಎರಡೂ ಕಾಲಿನ ಎರಡನೇ ಬೆರಳಿನ ಸುತ್ತ ಕೆಂಪಗೆ ಗಾಯ. ಕಾಲುಂಗುರ! ಮೂರು ಸುತ್ತಿನ ದಪ್ಪ ಬೆಳ್ಳಿಯವು, ಮದುವೆಯಲ್ಲಿ ಹಾಕಿದ್ದು, ನಲವತ್ತು ವರ್ಷದಿಂದ ತೆಗೆದಿಲ್ಲ. ತೆಗೆ ಅನ್ನಲು ನನಗೆ ಬಾಯಿ ಬರಲಿಲ್ಲ, ಅವಳೂ ಒಪ್ಪುತ್ತಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಅವಳನ್ನು ಅಕ್ಕಸಾಲಿಗರ ಹತ್ತಿರ ಕರೆದುಕೊಂಡು ಹೋಗಿ, ಅದೇ ಬೆಳ್ಳಿಯನ್ನು ಒಂದೇ ಸುತ್ತಿನ ಚಪ್ಪಟೆ ಉಂಗುರ ಮಾಡಿಸಿ, ಅಂಗಡಿಯಲ್ಲೇ ಅಪ್ಪನ ಕೈಲಿ ಹಾಕಿಸಿದಳು. ಒಂದು ನಂಬರ್ ದೊಡ್ಡ ಶೂ, ದಪ್ಪ ಹತ್ತಿ ಕಾಲುಚೀಲ. ಆಮೇಲೆ ತೊಂದರೆಯಾಗಲಿಲ್ಲ. ನಿಮ್ಮ ಮನೆಯ ಹೆಂಗಸರ ಶೂ ಕೊಳ್ಳುವಾಗ ಕಾಲುಂಗುರ ಸಮೇತ ಹಾಕಿಸಿ ನೋಡಿ, ಮತ್ತೆ ಆ ಶೂವನ್ನು ಎರಡು ತಿಂಗಳಾದರೂ ಮೆಟ್ಟಿ ಪಳಗಿಸಿ. ಸೀರೆ ಕಾಲಿಗೆ ತೊಡರುತ್ತದೆ; ಚೂಡಿದಾರಕ್ಕೆ ಒಪ್ಪದಿದ್ದರೆ ಒಳಗೆ ಉಣ್ಣೆಯ ಪ್ಯಾಂಟ್ ಹಾಕಿಸಿ ಸೀರೆಯನ್ನು ನಾಟಿ ಮಾಡುವಾಗಿನಂತೆ ಎತ್ತಿ ಕಟ್ಟಲಿ.

8. ಗಂಟು

ಬಟ್ಟೆ ಕಡಿಮೆ, ಬೆಚ್ಚಗಿನದು ಇರಲಿ: ಸ್ವೆಟರ್ ಮೇಲೆ ಗಾಳಿ ಒಳಬಿಡದ ಜರ್ಕಿನ್, ಉಣ್ಣೆ ಟೋಪಿ, ಕೈಗವಸು, ರೈನ್‌ಕೋಟ್, ಟಾರ್ಚ್. ದಿನಾ ತಗೊಳ್ಳುವ ಮಾತ್ರೆಗಳನ್ನು ಎರಡು ಭಾಗ ಮಾಡಿ ಇಬ್ಬರ ಚೀಲದಲ್ಲಿಡಿ. ನಗದು ಒಂದಿಷ್ಟು ಇರಲಿ.

ಊಟದ ಬಗ್ಗೆ ನಮ್ಮವರಿಗೆ ಚಿಂತೆ ಜಾಸ್ತಿ, ಮುದ್ದೆ ಇಲ್ಲದೆ ಹತ್ತು ದಿನ ಹೇಗೆ ಅಂತ. ಎತ್ತರದಲ್ಲಿ ನೀರು ನೂರು ಡಿಗ್ರಿಗಿಂತ ಬಹಳ ಮುಂಚೆಯೇ ಕುದಿಯುವುದರಿಂದ ಅಲ್ಲಿ ಅನ್ನವೇ ಸರಿಯಾಗಿ ಬೇಯುವುದಿಲ್ಲ. ಅದಕ್ಕೇ ಅವ್ವ ರಾಗಿ ಹುರಿಹಿಟ್ಟು ಮಾಡಿ ಎರಡು ಡಬ್ಬಿ ತುಂಬಿದಳು. ಬಿಸಿ ಹಾಲಿಗೋ ನೀರಿಗೋ ಬೆಲ್ಲ ಹಾಕಿ ಕಲಸಿದರೆ ಹೊಟ್ಟೆ ತುಂಬುತ್ತದೆ, ಒಲೆ ಬೇಕಿಲ್ಲ. ರೈಲಿಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೊದಲ ದಿನಕ್ಕೆ ಮದ್ದೂರು ವಡೆ.

9. ದಾರಿ

ಋಷಿಕೇಶದಿಂದ ಸೋನಪ್ರಯಾಗಕ್ಕೆ ಸುಮಾರು 210 ಕಿಲೋಮೀಟರ್. ನಮ್ಮ ಬೆಂಗಳೂರು–ಮೈಸೂರು ರಸ್ತೆಯ ಲೆಕ್ಕ ಹಾಕಬೇಡಿ, ಇಡೀ ಹಗಲು ಬೇಕು. ಬೆಳಿಗ್ಗೆ ಐದಕ್ಕೆ ಹೊರಟು, ಅಲಕನಂದೆ ಭಾಗೀರಥಿ ಕೂಡಿ ಗಂಗೆಯಾಗುವ ದೇವಪ್ರಯಾಗದಲ್ಲಿ ಇಳಿದು ನೋಡಿ, ರಾತ್ರಿ ಗುಪ್ತಕಾಶಿಯಲ್ಲಿ ತಂಗಿ. ಒಂದೇ ಏಟಿಗೆ ಮೇಲೆ ಹೋಗದೆ ಅಲ್ಲಿ ಒಂದು ರಾತ್ರಿ ಕಳೆದರೆ ದೇಹ ಸ್ವಲ್ಪ ಒಗ್ಗುತ್ತದೆ. ಸೋನಪ್ರಯಾಗದಿಂದ ಗೌರಿಕುಂಡಕ್ಕೆ ಅಲ್ಲಿನ ಜೀಪಿನಲ್ಲೇ ಹೋಗಬೇಕು.

ಗೌರಿಕುಂಡದಿಂದ ನಡಿಗೆ 16 ಕಿಲೋಮೀಟರಿಗೂ ಮೇಲೆ. 2013ರಲ್ಲಿ ರಾಮಬಾಡಾ ಕೊಚ್ಚಿಹೋದ ಮೇಲೆ ಅಲ್ಲಿಂದಾಚೆ ದಾರಿಯನ್ನು ನದಿಯ ಇನ್ನೊಂದು ಮಗ್ಗುಲಿಗೆ ಹೊಸದಾಗಿ ಮಾಡಿದ್ದಾರೆ, ಏರು ಜಾಸ್ತಿ. ಒಂದೇ ದಿನಕ್ಕೆ ಹತ್ತುವವರೇ ಹೆಚ್ಚು. ಹಿರಿಯರಿದ್ದರೆ ಎರಡು ದಿನ ಮಾಡಿ, ಲಿಂಚೌಲಿಯಲ್ಲಿ ಒಂದು ರಾತ್ರಿ ಉಳಿಯಿರಿ. ನಾವು ಹಾಗೇ ಮಾಡಿದೆವು. ಇಪ್ಪತ್ತು ನಿಮಿಷ ನಡಿಗೆ, ಐದು ನಿಮಿಷ ಕೂರುವುದು, ಎರಡು ಗುಟುಕು ನೀರು. ಅವ್ವ ಮುಂದೆ, ನಾವು ಹಿಂದೆ. ನಿಧಾನದವರು ಮುಂದಿದ್ದರೆ ಯಾರೂ ಓಡುವುದಿಲ್ಲ. ಕುದುರೆ ಹತ್ತುವವರು ಸರ್ಕಾರಿ ಕೌಂಟರಿನಲ್ಲೇ ದುಡ್ಡು ಕಟ್ಟಿ ಚೀಟಿ ತಗೊಳ್ಳಿ. ನಡೆಯುವವರು ಕುದುರೆ ಬಂದಾಗ ಬೆಟ್ಟದ ಮಗ್ಗುಲಿಗೆ ನಿಲ್ಲಿ, ಕಣಿವೆಯ ಕಡೆಗಲ್ಲ.

ತಲೆನೋವು, ವಾಂತಿ, ನಡಿಗೆ ತೂರಾಡುವುದು ಕಂಡರೆ ಅದು ಎತ್ತರದ ಕಾಯಿಲೆ. ಇಲ್ಲಿವರೆಗೆ ಬಂದು ವಾಪಸ್ಸಾ ಅನ್ನಬೇಡಿ. ಅದಕ್ಕೆ ಮದ್ದು ಕೆಳಗಿಳಿಯುವುದು, ಆಗಿಂದಾಗಲೇ. ದಾರಿಯುದ್ದಕ್ಕೂ ಚಿಕಿತ್ಸಾ ಕೇಂದ್ರಗಳಿವೆ.

ಎರಡನೇ ದಿನ ಮಧ್ಯಾಹ್ನ ಬೇಸ್ ಕ್ಯಾಂಪ್ ದಾಟಿದಾಗ ಗುಡಿಯ ಹಿಂದಿನ ಹಿಮದ ಗೋಡೆ ಎದುರಿಗೆ ಬಂತು. ಅಪ್ಪ ಟೋಪಿ ತೆಗೆದರು. ಅವ್ವ ಬಹಳ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ಇಷ್ಟು ಬೆಳ್ಳಗಿರ್ತದಾ?" ಅಂದಳು.

ನಮ್ಮ ಕಡೆಯವರಿಗೆ ಅಲ್ಲಿ ಎರಡು ಸಂತೋಷ ಕಾದಿರುತ್ತವೆ. ಕೇದಾರದ ಮುಖ್ಯ ಅರ್ಚಕರಾದ ರಾವಲರು, ಪೂಜೆಯವರು ಕರ್ನಾಟಕ ಮೂಲದ ವೀರಶೈವ ಜಂಗಮರು. ನಾವು ಮಾತಾಡುವುದು ಕೇಳಿ ಒಬ್ಬರು ತಿರುಗಿ, "ಯಾ ಊರವ್ವಾ ನಿಮ್ಮದು?" ಅಂದರು. ಅವ್ವ ಬೆಚ್ಚಿ, "ಮಂಡ್ಯದ ಕಡೇರು ಬುದ್ದಿ" ಅಂದವಳೇ ಅಳತೊಡಗಿದಳು. ದಾರಿಯುದ್ದಕ್ಕೂ ಹಿಂದಿ ಅರ್ಥವಾಗದೆ ಒಂಬತ್ತು ದಿನ ಬಾಯಿ ಕಟ್ಟಿದ್ದವಳು. ಇನ್ನೊಂದು, ಗುಡಿಯ ಹಿಂದೆ ಶಂಕರಾಚಾರ್ಯರ ಸಮಾಧಿಯಲ್ಲಿರುವ 12 ಅಡಿಯ ಮೂರ್ತಿ. 2021ರ ನವೆಂಬರ್ 5ರಂದು ಅನಾವರಣಗೊಂಡ ಅದನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. 2013ರಲ್ಲಿ ಗುಡಿಯ ಹಿಂದೆ ಬಂದು ನಿಂತು ನೀರನ್ನು ಸೀಳಿದ ಭೀಮಶಿಲೆಯನ್ನೂ ನೋಡದೆ ಬರಬೇಡಿ.

ಇಳಿಯುವಾಗ ಹುಷಾರು. ಹತ್ತುವಾಗ ದಮ್ಮು ಸೋತರೆ ಇಳಿಯುವಾಗ ಮೊಣಕಾಲು ಸೋಲುತ್ತದೆ. ಊರುಗೋಲು ಎರಡಿರಲಿ, ಹೆಜ್ಜೆ ಚಿಕ್ಕದಿರಲಿ.

10. ಬಂದ ಮೇಲೆ

ಮೊದಲ ದಿನ ಮಲಗಿ. ಎರಡನೇ ದಿನ ಡೈರಿ ಲೆಕ್ಕ, ನೀರುಗಂಟಿ ಲೆಕ್ಕ ಮುಗಿಸಿ. ಹಸುವಿನ ಕೈ ಬದಲಿಸುವಾಗಲೂ ಒಮ್ಮೆಲೇ ಬೇಡ. ಚಿಕ್ಕವ್ವ ಇನ್ನೂ ನಾಲ್ಕು ದಿನ ಬಂದು ಕರೆದಳು, ಅವ್ವ ಪಕ್ಕದಲ್ಲಿ ಕೂತು ಹಿಮದ ಕತೆ ಹೇಳಿದಳು. ಗಂಗೆಪೂಜೆಯ ದಿನ ಬೀದಿಯವರಿಗೆಲ್ಲ ತೀರ್ಥ ಕೊಟ್ಟಾದ ಮೇಲೆ ನೋಟ್ ಪುಸ್ತಕ ತೆಗೆದು ಕೇದಾರದ ಮುಂದೆ ಗುರುತು ಹಾಕಿದೆ. ಬಟವಾಡೆಯ ಸಾವಿರ ರೂಪಾಯಿ ಮರು ಹದಿನೈದು ದಿನದಿಂದಲೇ ಮತ್ತೆ ಶುರುವಾಯಿತು, ಈ ಸಲ ಲಕ್ಷದ್ವೀಪಕ್ಕೆ.

ಅದಕ್ಕೂ ಮೊದಲು ಚಿಕ್ಕವ್ವನ ಸರದಿ. ಸಂಕ್ರಾಂತಿ ಕಳೆದ ಮೇಲೆ ಅವರ ಮನೆಯವರು ಕಾಶಿಗೆ ಹೊರಡುತ್ತಾರೆ. ಅವರ ಕೆಂಪು ಹಸು ಬಲು ಚೂಟಿ, ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ಅವ್ವ ಈಗಿನಿಂದಲೇ ದಿನಾ ಸಂಜೆ ಅದಕ್ಕೊಂದು ಹಿಡಿ ಹುರುಳಿ ತಗೊಂಡು ಹೋಗುತ್ತಿದ್ದಾಳೆ.